ಕಾಲು ಹಿಡಿಯುವ ಕೆಲಸ

ಕಟುಕನ ಕೈ ಬೆಳಿಗ್ಗೆಯಿಂದಲೂ ನಡುಗುತ್ತಿತ್ತು. ಚಹಾ ಅರ್ಧ ಲೋಟದಲ್ಲಿ, ಅರ್ಧ ಅಂಗಿಯ ಮೇಲೆ. ಹೆಂಡತಿ ನೋಡಿಯೂ ನೋಡದವಳಂತಿದ್ದಳು.

ಮಾಂಸದಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಕೊಯ್ಯುವವನು, ಅವಳು ಕುರಿಯ ಕಾಲು ಹಿಡಿಯುವವಳು. ಮದುವೆಯಾದಾಗಿನಿಂದ ಇದೇ ಪಾಠ. "ಗಂಡನ ಕಾಲಿಗಿಂತ ಕುರಿ ಕಾಲು ಹಿಡಿದಿದ್ದೇ ಜಾಸ್ತಿ" ಎಂದು ಅವಳೇ ನಗುತ್ತಿದ್ದಳು. ಒಂದೇ ಎಳೆತ, ಪ್ರಾಣಿಗೆ ತಿಳಿಯುವ ಮೊದಲೇ ಮುಗಿದಿರಬೇಕು. ಕೊಲ್ಲುವವನಿಗೆ ಇರುವ ಮರ್ಯಾದೆ ಅದೊಂದೇ ಎನ್ನುತ್ತಿದ್ದ ಅವನು. ಹೋದ ವಾರ ಮತ್ತೆ ಮತ್ತೆ ಎಳೆಯಬೇಕಾಯಿತು. ಆ ಕೂಗು ಅವಳ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. ಚೂರಿ ಮೊಂಡು ಎಂದ ಮಹಾರಾಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅವಳು ಆಗ ಬಾಯಿ ಬಿಡಲಿಲ್ಲ. ಇವತ್ತೂ ಹಾಗೇ ಆದರೆ ಅದರ ಪಾಪದಲ್ಲಿ ತನಗೂ ಪಾಲಿದೆ ಎಂದು ಅವಳಿಗೆ ಗೊತ್ತಿತ್ತು.

ಇವತ್ತಿನ ಕುರಿ ಅವಳ ಮಂಡಿಯಡಿ ಮಲಗಿತ್ತು. ಮುಂದುಗಡೆ ಗಿರಾಕಿಗಳು ಅವಸರ ಮಾಡುತ್ತಿದ್ದರು. ಅವನು ಬಾಗಿದ. ಚೂರಿಯ ತುದಿ ಆ ಕಡೆ ಈ ಕಡೆ ಓಲಾಡಿತು.

"ರೀ, ತಡೀರಿ. ಹರಿತ ನೋಡಿದ್ರಾ?"

ಮುಂಚೆ ದಿನಾ ತನ್ನ ಮುಂಗೈಯ ಕೂದಲು ಬೋಳಿಸಿ ಹರಿತ ನೋಡುತ್ತಿದ್ದ. ಈಗ ಅಲ್ಲಿ ಕೂದಲು ಮತ್ತೆ ಬೆಳೆದಿತ್ತು.

"ನೋಡಿದೀನಿ ಬಿಡೇ."

"ಹಾಗಾದ್ರೆ ನನ್ನ ಕೈಮೇಲೂ ಒಂದ್ಸಲ ನೋಡಿ." ಅವಳು ಒಂದು ಕೈ ಬಿಡಿಸಿ ಅವನ ಮುಂದೆ ಚಾಚಿದಳು.

ಅವನು ಚೂರಿಯನ್ನು ಅವಳ ಕೈ ಹತ್ತಿರ ತಂದ. ಚರ್ಮಕ್ಕೆ ಇನ್ನೇನು ತಾಗಬೇಕು, ಬೆಚ್ಚಿ ಹಿಂದಕ್ಕೆಳೆದುಕೊಂಡ. "ನಿನಗೇನು ಹುಚ್ಚಾ? ಕೊಯ್ದು ಹೋದ್ರೆ?"

ಅವಳು ಕುರಿಯ ಕಡೆ ನೋಡಿದಳು. ಅವನೂ ನೋಡಿದ.

"ನನ್ನ ಕೈಯೇ ನನಗೆ ಕೈ ಕೊಡ್ತು ಕಣೇ" ಎಂದ. ನಗಲು ಹೋಗಿ ಆಗಲಿಲ್ಲ.

ಅವಳಿಗೆ ಅಯ್ಯೋ ಅನ್ನಿಸಿತು. ಆದರೂ ಕೈ ಚಾಚಿಯೇ ಇದ್ದಳು. "ಚೂರಿ ಇಲ್ಲಿ ಕೊಡಿ. ನೀವು ಕಾಲು ಹಿಡೀರಿ."

ಅವಳ ಜಾಗದಲ್ಲಿ ಮಂಡಿಯೂರಿ ಅವನು ಕಾಲು ಹಿಡಿದ. ಹಿಡಿದವನ ಮುಖ ಬಿಳಿಚಿತು.

"ಇದು ನಡುಗ್ತಾ ಇದೆ ಕಣೇ! ಎಲ್ಲಾ ಗೊತ್ತಾಗಿದೆ ಇದಕ್ಕೆ. ಇವತ್ತೇನಾಯ್ತು?"

"ಇವತ್ತಲ್ಲ. ಎಲ್ಲವೂ ನಡುಗ್ತವೆ ರೀ, ಯಾವಾಗ್ಲೂ. ಕಾಲು ಹಿಡೀತಿದ್ದಿದ್ದು ನಾನು, ಅಷ್ಟೆ."

ಹೊರಗಿಂದ ಗಿರಾಕಿ ಮತ್ತೆ ಕೂಗಿದ. ಅವಳ ಕೈಯಲ್ಲಿ ಚೂರಿ ಒಂಚೂರೂ ಅಲುಗಲಿಲ್ಲ. ಅವಳಿಗೆ ಹೆದರಿಕೆಯಾದದ್ದೇ ಅದಕ್ಕೆ.