ಬುಟ್ಟಿ ಹೊತ್ತವಳ ಕನ್ನಡಕ

"ರೂಢಿ ಆಗ್ತದೆ" ಎಂಬ ಮಾತನ್ನು ಇನ್ನೊಬ್ಬರು ನನ್ನೆದುರು ಆಡಿದರೆ ಅವರ ಬಾಯಿಗೆ ಹಸಿ ಸುವರ್ಣಗಡ್ಡೆ ತುರುಕುತ್ತೇನೆ. ಹದಿನೈದು ದಿನದಿಂದ ಇದೇ ಮಾತು. ಮಗ ಹೇಳಿದ, ಸೊಸೆ ಹೇಳಿದಳು, ಆಚೆಮನೆಯ ಬೊಮ್ಮು ಹೇಳಿದಳು. ಹುಟ್ಟಿದಾಗಿನಿಂದ ಒಂದು ಕನ್ನಡಕ ಮುಟ್ಟಿ ನೋಡದ ಬೊಮ್ಮು!

ನಮ್ಮ ಮನೆ ಬೇಲೆಕೇರಿಯ ಹತ್ತಿರ. ಹರಿವೆ, ಬಸಳೆ, ಬದನೆ ಬೆಳೆಯುತ್ತೇನೆ. ಆದಿತ್ಯವಾರ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಗದ್ದೆಬದುವಿನಲ್ಲಿ ನಡೆದು, ಹೆದ್ದಾರಿ ದಾಟಿ, ಬಸ್ಸು ಹತ್ತಿ ಕಾರವಾರದ ಸಂತೆಗೆ ಹೋಗುತ್ತೇನೆ. ಮೂವತ್ತೆರಡು ವರ್ಷದಲ್ಲಿ ಈ ನಾಗಮ್ಮ ಒಂದು ದಿನವೂ ಬಿದ್ದವಳಲ್ಲ. ಈ ಕನ್ನಡಕ ಬಂದ ಮೇಲೆ ಎರಡು ಸಲ ಬಿದ್ದೆ.

ಕನ್ನಡಕವೇ ಬೇಡವೆಂದು ಹಟ ಹಿಡಿದವಳು ನಾನಲ್ಲ. ಹೋದ ತಿಂಗಳು ಹೆದ್ದಾರಿ ದಾಟುವಾಗ ಒಂದು ಲಾರಿ ಮೈಮೇಲೆ ಬಂದಷ್ಟು ಹತ್ತಿರ ಬಂದಿತ್ತು. ದೂರದ್ದು ಮಸುಕು, ತಕ್ಕಡಿಯ ಕೆಂಪು ಅಂಕಿಯೂ ಮಸುಕು. ಮಗ ಪ್ರದೀಪ ಹೆದರಿ ಕಾರವಾರಕ್ಕೆ ಕರೆದುಕೊಂಡು ಹೋದ. ಅವನು ಅಲ್ಲೇ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಎಲ್ಲಕ್ಕಿಂತ ಒಳ್ಳೆಯದೇ ಕೊಡಿ ಎಂದು ಅಂಗಡಿಯಲ್ಲಿ ಹೇಳಿದ. ಪ್ರೊಗ್ರೆಸಿವ್ ಅಂತೆ. ಒಂದೇ ಗಾಜು, ಮೇಲಿನಿಂದ ನೋಡಿದರೆ ದೂರದ್ದು, ಕೆಳಗಿನಿಂದ ನೋಡಿದರೆ ಹತ್ತಿರದ್ದು, ನಡುವೆ ಗೆರೆಯೇ ಇಲ್ಲ.

ಗೆರೆ ಇಲ್ಲ, ನೆಲವೂ ಇಲ್ಲ. ಮೊದಲನೆಯ ದಿನವೇ ಬದುವಿನ ಮೇಲೆ ಕಣ್ಣು ಕೆಳಗಿಳಿಸಿದರೆ, ಕಾಲಿಡುವ ಜಾಗದಲ್ಲಿ ಗಂಜಿತಿಳಿ ಚೆಲ್ಲಿದಂತೆ ಏನೋ ಅಲ್ಲಾಡುತ್ತಿತ್ತು. ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಬದುವೇ ಡೊಂಕು. ಇದ್ದದ್ದು ಎಲ್ಲೋ, ಕಾಲಿಟ್ಟದ್ದು ಎಲ್ಲೋ. ಬದನೆಕಾಯಿ ಕೆಸರಿನಲ್ಲಿ, ನಾನೂ ಕೆಸರಿನಲ್ಲಿ.

"ಕುಣೀಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ಬೊಮ್ಮು ನಕ್ಕಳು. ನೆಲ ಡೊಂಕಾಗಿಯೇ ಕಾಣುತ್ತಿತ್ತಲ್ಲ, ಅದನ್ನು ಯಾರಿಗೆ ಹೇಳಲಿ!

ಎರಡನೆಯ ಸಲ ಬುಟ್ಟಿ ಹೊತ್ತು ಇಳಿಯುವಾಗ ನಮ್ಮದೇ ಅಂಗಳದ ಚಿರೆಕಲ್ಲಿನ ಮೆಟ್ಟಿಲಲ್ಲಿ ಬಿದ್ದೆ. ಮೊಣಕಾಲು ಬಾತು ಒಂದು ಆದಿತ್ಯವಾರದ ಸಂತೆ ತಪ್ಪಿತು. ಮರುದಿನ ಸಂಜೆ ಆಫೀಸಿನಿಂದ ಬಂದ ಪ್ರದೀಪ ಷರಟು ಕೂಡ ಬಿಚ್ಚದೆ ನನ್ನೆದುರು ನಿಂತ.

"ಅವ್ವಾ, ಇನ್ನೊಂದ್ಸಲ ಬಿದ್ರೆ ಸಂತೆ ಬಂದ್. ವಯಸ್ಸಾಯ್ತು ನಿಂಗೆ. ಮನೇಲಿ ಕೂತ್ರೆ ಯಂತ ಆಗ್ತದೆ?"

ಯಂತ ಆಗ್ತದೆ? ಸಂತೆಯಲ್ಲಿ ಕೂರುವ ಜಾಗಕ್ಕೆ ಕಾಗದಪತ್ರ ಇರುವುದಿಲ್ಲ. ಕೂತವರದ್ದೇ ಜಾಗ. ಎರಡು ವಾರ ಖಾಲಿ ಬಿಟ್ಟರೆ ಮೂರನೆಯ ವಾರ ಅಲ್ಲಿ ಬೇರೆಯವರ ಬುಟ್ಟಿ ಇರುತ್ತದೆ, ಕೇಳಲು ಬಾಯಿ ಇರುವುದಿಲ್ಲ. ನನ್ನದು ಗೋಡೆ ಬದಿಯ ನೆರಳಿನ ಜಾಗ, ನನ್ನ ಅತ್ತೆ ಕೂರುತ್ತಿದ್ದದ್ದು. ಒಂದು ವಾರ ಆಗಲೇ ಹೋಗಿತ್ತು. ಈ ಆದಿತ್ಯವಾರವೂ ಹೋದರೆ ಅಲ್ಲಿಗೆ ನಾಗಮ್ಮನ ಸಂತೆ ಮುಗಿದ ಹಾಗೆ.

ಸೊಸೆ ಸಂಧ್ಯಾ ಮೊಣಕಾಲಿಗೆ ಅರಸಿನ ಹಚ್ಚುತ್ತ ಹೇಳಿದಳು, "ಅಂಗಡಿಯವ್ರು ಹೇಳಿರಂತಲ್ಲ ಅತ್ತೆ, ಕೆಳಗೆ ನೋಡುಕೆ ಕಣ್ಣು ಇಳಿಸೂದಲ್ಲ, ಗೋಣೇ ಬಗ್ಗಿಸ್ಬೇಕು ಅಂತ."

ಗೋಣು ಬಗ್ಗಿಸಿ ನೋಡಿದೆ. ಮೆಟ್ಟಿಲು ಸ್ವಚ್ಛ ಕಂಡಿತು, ಅದರ ಮೇಲಿನ ಇರುವೆಯ ಸಾಲೂ ಕಂಡಿತು. ಖಾಲಿ ತಲೆಯಲ್ಲಿ ನಾಲ್ಕು ಸಲ ಇಳಿದೆ, ಹತ್ತಿದೆ. ಏನೂ ಆಗಲಿಲ್ಲ. ಆಗ ನನಗೆ ಹೊಳೆಯಿತು, ಹೊಳೆದದ್ದೇ ಮೈಯೆಲ್ಲ ಉರಿಯಿತು. ಬುಟ್ಟಿ ಹೊತ್ತವಳು ಗೋಣು ಬಗ್ಗಿಸುವುದುಂಟೇ? ಬಗ್ಗಿಸಿದರೆ ಬುಟ್ಟಿಯನ್ನು ಯಾರಪ್ಪ ಹಿಡಿಯಬೇಕು? ಹೊರೆ ಹೊತ್ತವರ ಗೋಣು ಕಂಬದ ಹಾಗೆ ನೆಟ್ಟಗಿರಬೇಕು, ಕೆಳಗಿಳಿಯುವುದು ಕಣ್ಣು ಮಾತ್ರ. ಹತ್ತು ವರ್ಷದ ಹುಡುಗಿಯಾಗಿದ್ದಾಗ ನನಗೆ ಕಲಿಸಿದ ಮೊದಲ ಪಾಠ ಅದು. ವಯಸ್ಸಾಯಿತಂತೆ, ವಯಸ್ಸು!

ಶುಕ್ರವಾರ ಪ್ರದೀಪ ಆಫೀಸಿಗೆ ಹೋದದ್ದೇ ತಡ, ಬುಟ್ಟಿಗೆ ಬದನೆ ತುಂಬಿಕೊಂಡು ನಾನೂ ಬಸ್ಸು ಹತ್ತಿದೆ. ಕಾರವಾರದಲ್ಲಿ ಇಳಿದು, ಯಾರೋ ಮೀನಿನವಳಿಗೆ "ಏರ್ಸೇ" ಎಂದೆ. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರು ಕೈ ಕೊಡಬೇಕು. ಗುರುತು ಪರಿಚಯ ಬೇಕಿಲ್ಲ. ಏರ್ಸಿ ಎಂದರೆ ಇಲ್ಲ ಎನ್ನುವವರಿಲ್ಲ. ಕನ್ನಡಕ ಕೈಯಲ್ಲಿ ಹಿಡಿದು, ವಾಹನದ ಸದ್ದು ಕೇಳಿದಾಗೆಲ್ಲ ನಿಂತು ನಿಂತು ಅಂಗಡಿ ತಲುಪಿದೆ.

ಅಂಗಡಿಯ ನಿತಿನ ಇಸ್ತ್ರಿ ಷರಟಿನಲ್ಲಿ ನಗುತ್ತ ಬಂದ. "ರೂಢಿ ಆಯ್ತಾ ಅಮ್ಮಾ?"

ಸುವರ್ಣಗಡ್ಡೆ ತರದೆ ತಪ್ಪು ಮಾಡಿದೆ. "ಇಲ್ಲಿ ಬಾ, ತಲೆ ಕೊಡು" ಎಂದೆ.

"ಯಂತಕೆ ಅಮ್ಮಾ?"

"ಕೊಡು ಅಂದ್ನಲ್ಲ!"

ಪಾಪ, ಕೊಟ್ಟ. ತಲೆಗೆ ಬಟ್ಟೆಯ ಸಿಂಬಿ ಇಟ್ಟು, ಅವನ ಕೆಲಸದವನ ಕೈಯಿಂದಲೇ ಬುಟ್ಟಿ ಏರಿಸಿದೆ. "ಈಗ ಆ ಮೂರು ಮೆಟ್ಟಿಲು ಇಳಿ. ನೀನು ಹೇಳಿದ ಹಾಗೇ, ಗೋಣು ಬಗ್ಗಿಸಿ ನೋಡ್ಕಂಡು ಇಳಿ."

ಮೊದಲ ಮೆಟ್ಟಿಲಿಗೇ ಅವನು ಗೋಣು ಬಗ್ಗಿಸಿದ. ಬದನೆಕಾಯಿಗಳು ಧಡಧಡ ಉದುರಿ ರಸ್ತೆಯವರೆಗೂ ಉರುಳಿದವು. ಬುಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತ ಅವನ ಮುಖದಲ್ಲಿ ನಗು ಇರಲಿಲ್ಲ.

"ನೀವು ತಲೆಮೇಲೆ ಹೊರೂದು ನಂಗೆ ಗೊತ್ತೇ ಇಲ್ಲ ಅಮ್ಮಾ. ಗೊತ್ತಿದ್ರೆ ಈ ಗಾಜು ಕೊಡ್ತೇ ಇರ್ಲಿಲ್ಲ. ನಡೆಯೂಕೆ ಬರೇ ದೂರದ್ದು, ತಕ್ಕಡಿ ನೋಡೂಕೆ ಬೇರೆ ಒಂದು, ಅಷ್ಟೇ ಸಾಕಿತ್ತು."

"ಕೇಳುಕೆ ನಿಂಗೆ ಬಾಯಿ ಇರ್ಲಿಲ್ವನೋ?"

"ಕೇಳಿದ್ದೆ" ಎಂದ ಅವನು. ಖಾನೆಯಿಂದ ಒಂದು ಕಾರ್ಡು ಹುಡುಕಿ ತೆಗೆದ. ಕೊಡಲೋ ಬೇಡವೋ ಎಂಬಂತೆ ಹಿಡಿದುಕೊಂಡಿದ್ದ, ನಾನೇ ಕಸಿದುಕೊಂಡೆ. ಏಳನೆಯ ಇಯತ್ತೆ ಪಾಸಾದವಳು ನಾನು. ಕನ್ನಡಕ ಹಾಕಿಕೊಂಡು ಕೆಳಗಿನ ಭಾಗದಿಂದ ನೋಡಿದೆ. ಅಕ್ಷರ ಒಂದೊಂದೂ ಚೆನ್ನಾಗಿ ಕಂಡಿತು. ಈ ಗಾಜು ಸರಿಯಾಗಿ ಮಾಡಿದ ಕೆಲಸ ಇದೊಂದೇ. ಹೆಸರು: ನಾಗಮ್ಮ. ವಯಸ್ಸು: ಐವತ್ತೈದು. ಕೆಲಸ: ಏನೂ ಇಲ್ಲ, ಮನೆಯಲ್ಲೇ ಇರುತ್ತಾರೆ.

"ಯಾರು ಬರೆಸಿದ್ದು?"

"ನೀವು ಕಣ್ಣಿಗೆ ಔಷಧಿ ಬಿಡ್ಸ್ಕಂಡು ಒಳಗೆ ಕೂತಿದ್ರಿ" ಎಂದ ನಿತಿನ. "ನಿಮ್ಮ ಮಗನೇ ಹೇಳಿದ್ರು."

ಏನೂ ಇಲ್ಲ. ಅವನ ಫೀಸು, ಪುಸ್ತಕ, ಆಫೀಸಿಗೆ ಹಾಕಿಕೊಂಡು ಹೋದ ಮೊದಲ ಬೂಟು, ಎಲ್ಲ ಈ ತಲೆಯ ಮೇಲಿಂದಲೇ ಇಳಿದದ್ದು. ನನಗೆ ಅಳು ಬಂತು, ಅಳು ಬಂತೆಂದು ಇನ್ನಷ್ಟು ಸಿಟ್ಟು ಬಂತು.

"ಇದನ್ನು ಹೊಡೆದು ಹಾಕು. ತರಕಾರಿ ಬೆಳೆದು, ತಲೆಮೇಲೆ ಹೊತ್ತು ಮಾರ್ತಾಳೆ ಅಂತ ಬರಿ. ಹಂಗೇ ಗಾಜೂ ಬದಲಿಸು."

ನಿತಿನ ಎರಡನ್ನೂ ಮಾಡಿದ. ಒಂದು ತಾಸಿನಲ್ಲಿ ಅದೇ ಚೌಕಟ್ಟಿಗೆ ದೂರದ ಗಾಜು ಕೂರಿಸಿದ. ತಕ್ಕಡಿಗೆಂದು ಬೇರೆ ಒಂದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದ. ಕೆಲಸದವನು ಬದನೆಯನ್ನೆಲ್ಲ ಹೆಕ್ಕಿ ತುಂಬಿಟ್ಟ ಬುಟ್ಟಿ ಹೊತ್ತು ಅವನ ಮೂರು ಮೆಟ್ಟಿಲನ್ನು ಗೋಣು ಅಲ್ಲಾಡಿಸದೆ ಇಳಿದೆ. ನೆಲ ಇದ್ದಲ್ಲೇ ಇತ್ತು.

ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಪ್ರದೀಪನ ಆಫೀಸಿಗೆ ಹೋದೆ. ಗೇಟಿನ ಒಳಗೆ, ಮೆಟ್ಟಿಲ ಮೇಲೆಯೇ ಬುಟ್ಟಿ ಇಳಿಸಿಕೊಂಡು ಅವನನ್ನು ಕರೆಸಿದೆ. ಓಡಿ ಬಂದ.

"ಯಂತಾಯ್ತು ಅವ್ವಾ? ಮತ್ತೆ ಬಿದ್ಯಾ?"

ಮುಖ ಬಿಳಿಚಿತ್ತು. ಹೆದರಿದ್ದು ನಿಜ, ಸುಳ್ಳು ಹೇಳಬಾರದು. ಒಂದು ಗಳಿಗೆ ನನ್ನ ಸಿಟ್ಟು ಇಳಿಯಿತು. ಆಮೇಲೆ ಅವನ ಕಣ್ಣು ಬುಟ್ಟಿಯ ಮೇಲೆ ಹೋಯಿತು, ಬುಟ್ಟಿಯಿಂದ ಬಾಗಿಲಿಗೆ ಹೋಯಿತು, ಯಾರಾದರೂ ನೋಡುತ್ತಿದ್ದಾರೋ ಎಂದು. ನನಗೆ ಈಗ ದೂರದ್ದೆಲ್ಲ ಸ್ವಚ್ಛ ಕಾಣುತ್ತಿತ್ತು.

"ಬೀಳ್ಲಿಲ್ಲ. ಇನ್ನು ಬೀಳೂದೂ ಇಲ್ಲ. ಬುಟ್ಟಿ ಏರ್ಸು."

"ಆಟೋ ಕರೀತೆ ಇರು."

"ಆಟೋ ಬೇಡ, ಏರ್ಸು. ಕೆಲಸ ಇಲ್ಲದವಳು ನಾನು, ನಡ್ಕಂಡೇ ಹೋತೆ."

ಅವನಿಗೆ ಅರ್ಥವಾಯಿತು. ತಲೆ ತಗ್ಗಿಸಿದ. ಅಷ್ಟರಲ್ಲಿ ಜೊತೆಯ ಗುಮಾಸ್ತ ಹರೀಶ ಚಾ ಲೋಟ ಹಿಡಿದು ಹೊರಗೆ ಬಂದ. "ಬದನೆ ಒಳ್ಳೇದದೆ. ಯಾರು ಪ್ರದೀಪಾ, ಗುರ್ತಿನವ್ರಾ?"

ಪ್ರದೀಪ ಬಗ್ಗಿ ಬುಟ್ಟಿಗೆ ಕೈ ಹಾಕಿದ. "ಅವ್ವ" ಎಂದ. ಆ ಮಾತು ಬುಟ್ಟಿಗೆ ಕೇಳಿಸಿರಬೇಕು, ಹರೀಶನಿಗೆ ಕೇಳಿಸಲಿಲ್ಲ.

"ದೊಡ್ಡಕ್ಕೆ ಹೇಳು" ಎಂದೆ.

"ನಮ್ಮ ಅವ್ವ" ಎಂದ ಪ್ರದೀಪ. ಅವನ ಕಿವಿಯೆಲ್ಲ ಕೆಂಪಾಗಿತ್ತು. "ಸಂತೇಲಿ ತರಕಾರಿ ಮಾರ್ತಾಳೆ."

ಏರಿಸಲು ಅವನಿಗೆ ಬರಲಿಲ್ಲ. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಮಾಡಿ, ನಾಲ್ಕು ಬದನೆ ಬೀಳಿಸಿದ. "ಎರಡೂ ಕೈ ಅಡಿಗೆ ಹಾಕು. ಆದಿತ್ಯವಾರ ಇದ್ರ ದುಪ್ಪಟ್ಟು ಭಾರ ಇರ್ತದೆ, ಬೆಳಿಗ್ಗೆ ಐದೂವರೆಗೆ ಏರ್ಸುಕೆ ನೀನೇ ಬರ್ಬೇಕು" ಎಂದೆ. ಅವನು ಹೂಂ ಎಂದ.

ಮೆಟ್ಟಿಲಿಳಿದು ಗೇಟು ದಾಟಿದೆ. ಹಿಂದಿನಿಂದ "ಅವ್ವಾ, ಸಾವಕಾಶ ಹೋಗು" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ನಾನು ತಿರುಗಲಿಲ್ಲ. ಬುಟ್ಟಿ ಹೊತ್ತವಳಿಗೆ ತಿರುಗಿ ನೋಡಲು ಆಗುವುದಿಲ್ಲ.