ಎರ್ರಮ್ಮನ ಕೈ ಅಳತೆ

ತಲೆ ವಾಲದ ಹಾಗೆ ಗದ್ದಕ್ಕೆ ಬಿಳಿ ಬಟ್ಟೆ ಬಿಗಿದು, ಕೊಟ್ರಬಸಪ್ಪನ ದೇಹವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸುವಷ್ಟರಲ್ಲಿ ಅಣ್ಣ ಉಚ್ಚೆಂಗೆಪ್ಪ ಬೆವರಿನಲ್ಲಿ ತೊಯ್ದುಹೋಗಿದ್ದ. ಹಣೆಗೆ ವಿಭೂತಿ ಬಂತು, ಕೊರಳಿಗೆ ಹಾರ ಬಂತು. ಎಡಕ್ಕೆ ಮಗಳು ಕಾವ್ಯ, ಬಲಕ್ಕೆ ಹೆಂಡತಿ ಎರ್ರಮ್ಮ ಕುಳಿತರು. ಮಣ್ಣಿಗೆ ಒಯ್ಯುವ ಮುಂಚೆ ಮನೆಮಂದಿಯೆಲ್ಲ ಹೀಗೆ ಕುಳಿತು ಒಂದು ಫೋಟೊ ತೆಗೆಸಿಕೊಳ್ಳುವುದು ಇವರಲ್ಲಿ ವಾಡಿಕೆ. ನಲವತ್ತು ವರ್ಷ ವಡ್ಡು ಊರಿನಲ್ಲಿ ಆ ಫೋಟೊ ತೆಗೆದವನು ಕೊಟ್ರಬಸಪ್ಪನೇ. ಇವತ್ತು ಅವನೇ ಕುಳಿತಿದ್ದಾನೆ. ತೆಗೆಯುವವರು ಯಾರೆಂಬುದು ಅಲ್ಲಿಯ ತನಕ ಯಾರ ತಲೆಗೂ ಹೊಳೆದಿರಲಿಲ್ಲ.

“ಮೊಬೈಲಿನಾಗ ತೆಗಸೋಣು ದೊಡ್ಡಪ್ಪ,” ಎಂದಳು ಕಾವ್ಯ.

“ಮೊಬೈಲ್ ಬ್ಯಾಡವಾ. ಊರಾಗಿನ ಹಿರೇರ್ನೆಲ್ಲ ಯಾಶಿಕಾ ಕ್ಯಾಮೆರಾದಾಗ ತೆಗದಂವ. ಅವನ್ನ ಮೊಬೈಲಿನಾಗ ತೆಗದ್ರ ಮಂದಿ ನಗ್ತಾರ. ತಾ ಅದನ್ನ, ನಾನ ತೆಗೀತೀನಿ.”

ಎರ್ರಮ್ಮ ತಟ್ಟನೆ ಅವನ ಕೈಯತ್ತ ನೋಡಿದಳು. ರೋಲಿನಲ್ಲಿ ಉಳಿದದ್ದು ಒಂದೇ ಫೋಟೊ. ಈಗಿಂದೀಗ ಇನ್ನೊಂದು ರೋಲ್ ಬೇಕೆಂದರೆ ಹೊಸಪೇಟೆಯನ್ನು ಜಾಲಾಡಿದರೂ ಸಿಗುವುದಿಲ್ಲ. ಉಚ್ಚೆಂಗೆಪ್ಪನೋ, ದೋಣಿಮಲೈ ಗಣಿಯಲ್ಲಿ ಮೂವತ್ತು ವರ್ಷ ಡಂಪರ್ ಓಡಿಸಿದವನು. ಕ್ಯಾಮೆರಾವನ್ನೂ ಸ್ಟೀರಿಂಗಿನಂತೆ ಎರಡೂ ಬದಿಗೆ ಬಿಗಿಯಾಗಿ ಹಿಡಿದು, ಮೊಣಕೈ ಅಗಲಿಸಿ ನಿಂತ. ಕೈ ನಡುಗುತ್ತಿತ್ತು. ‘ಫೋಟೊ ಅಲುಗಿತು, ಇನ್ನೊಮ್ಮೆ ಕೂಡ್ರಿ’ ಎನ್ನಲು ಇದೇನು ಮದುವೆ ಮನೆಯೇ?

“ಏನಿದು, ಅಂಗೈಗೆ ಒತ್ತತೈತಿ!” ಎಂದು ಅವನು ಗೊಣಗಿದ. “ಟ್ಯೂಬ್ ಯಾರು ಹಚ್ಚ್ಯಾರ ಇದಕ?”

* * *

ಆಗ ಎರ್ರಮ್ಮ, ಕೊಟ್ರಬಸಪ್ಪರ ಮದುವೆಯಾಗಿ ಆರು ವರ್ಷ. ಬಸುರಿಯರ ಕುಬುಸದ ಕಾರ್ಯಕ್ಕೆ ಗಂಡಸು ಕ್ಯಾಮೆರಾ ಹಿಡಿದು ಒಳಮನೆಗೆ ಬಂದರೆ ಹೆಂಗಸರು ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದರು. ಬೇಸತ್ತ ಕೊಟ್ರಬಸಪ್ಪ ಒಂದು ದಿನ ಕ್ಯಾಮೆರಾವನ್ನು ಹೆಂಡತಿಯ ಕೈಗೆ ಕೊಟ್ಟು ಒಳಗೆ ಕಳಿಸಿದ. ಅದಿರಿನ ಹೆಂಟೆ ಹಿಡಿದಷ್ಟು ಭಾರ. ಬೆವೆತ ಕೈಯಲ್ಲಿ ಜಾರುತ್ತಿತ್ತು. ತೋರುಬೆರಳು ಗುಂಡಿಗೆ ಎಟುಕುತ್ತಿರಲಿಲ್ಲ, ಚಾಚಿ ಒತ್ತಿದರೆ ಕ್ಯಾಮೆರಾವೇ ಓಲಾಡುತ್ತಿತ್ತು. ತೊಳೆಸಿಕೊಂಡು ಬಂದ ಫೋಟೊಗಳಲ್ಲಿ ಬಸುರಿಗೆ ಎರಡೆರಡು ಮೂಗು.

“ನನ್ನ ಕೈಲಿ ಆಗಂಗಿಲ್ರಿ,” ಎಂದು ಎರ್ರಮ್ಮ ಅತ್ತಳು.

“ಕೈ ಸಣ್ಣದೈತಿ. ಅದಕ ಅಳೋದೇನು?”

ಅವಳ ಕೈಯನ್ನು ಕ್ಯಾಮೆರಾದ ಮೇಲಿರಿಸಿ ಬೆರಳು ಕೂರುವಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು, ಪಂಕ್ಚರ್ ಸಲ್ಯೂಷನ್ ಹಚ್ಚಿ ಅಂಟಿಸಿದ. ಅವಳ ಮೂರು ಬೆರಳು ಆ ಉಬ್ಬನ್ನು ತಬ್ಬಿದವು. ತೋರುಬೆರಳು ತಾನಾಗಿ ಗುಂಡಿಯ ಮೇಲೆ ಬಂದು ಕೂತಿತು. ಎಡಗೈ ಲೆನ್ಸಿನ ಕೆಳಗೆ, ಮೊಣಕೈ ಪಕ್ಕೆಗೆ, ಉಸಿರು ಬಿಟ್ಟು ಒತ್ತುವುದು. ಮುಂದಿನ ಕುಬುಸದ ಫೋಟೊದಲ್ಲಿ ಬಸುರಿಯ ಮೂಗಿನ ನತ್ತಿನ ಹರಳು ಸಹ ಎಣಿಸುವ ಹಾಗೆ ಬಂತು.

ಅವಳಿಗೆ ಸರಿಹೋದದ್ದು ಅವನಿಗೆ ಹಿಂಸೆಯಾಯಿತು. ಅವನ ದೊಡ್ಡ ಅಂಗೈಗೆ ಆ ಉಬ್ಬು ಒತ್ತುತ್ತಿತ್ತು. ಕಿತ್ತು ಹಾಕಿರೆಂದು ಎರ್ರಮ್ಮ ಎಷ್ಟೋ ಸಲ ಜಗಳ ತೆಗೆದಳು. ಅವನು ಕೀಳಲಿಲ್ಲ, ಟ್ಯೂಬು ಸವೆದಾಗಲೆಲ್ಲ ತಾನೇ ಹೊಸದು ಹಚ್ಚಿದ. ವರ್ಷ ಉರುಳಿದಂತೆ ಯಾಶಿಕಾದ ಕರಿ ಬಣ್ಣ ಸವೆದು ಹಿತ್ತಾಳೆ ಕಂಡಿತು, ಅವನ ಉಂಗುರಬೆರಳಿನ ಬುಡದಲ್ಲಿ ಗಂಟು ಕಟ್ಟಿತು. ಇವತ್ತು ಬೆಳಿಗ್ಗೆ ಮೈ ತೊಳೆಯುವಾಗಲೂ ಆ ಗಂಟು ಅವಳ ಕೈಗೆ ತಗುಲಿತ್ತು.

ಗಂಡ ಎಲ್ಲ ಹೊಂದಿಸಿ ಕೊಡುತ್ತಾನೆ, ಹೆಂಡತಿ ಗುಂಡಿ ಒತ್ತುತ್ತಾಳೆ ಅಷ್ಟೇ ಎಂದು ಊರು ತಿಳಿದಿತ್ತು. “ಅಕಿದು ನನಗಿಂತ ಗಟ್ಟಿ ಕೈ,” ಎಂದು ಕೊಟ್ರಬಸಪ್ಪ ಕಂಡವರಿಗೆಲ್ಲ ಹೇಳುತ್ತಿದ್ದ. ಮಂದಿ ಚೇಷ್ಟೆಯೆಂದು ನಗುತ್ತಿದ್ದರು.

* * *

“ಅದು ನನ್ನ ಕೈ ಅಳತಿಗೆ ಹಚ್ಚಿದ್ದು ಭಾವಾರ. ಇಲ್ಲಿ ಕೊಡ್ರಿ,” ಎಂದು ಎರ್ರಮ್ಮ ಎದ್ದಳು.

ಅಳುತ್ತಿದ್ದವರೂ ಅಳು ನಿಲ್ಲಿಸಿ ನೋಡಿದರು.

“ತಲಿ ಕೆಟ್ಟೈತೇನು? ಗಂಡನ ಬಾಜೂಕ ನೀನು ಇರಬೇಕು. ನಾಳೆ ಫೋಟೊ ನೋಡ್ದೋರು, ಹೆಂಡ್ತಿ ಎಲ್ಲಿ ಅಂತ ಕೇಳ್ತಾರ,” ಎಂದ ಉಚ್ಚೆಂಗೆಪ್ಪ.

ಆ ಮಾತು ನಾಟಿತು. ಅವನ ಮಗ್ಗುಲಲ್ಲಿ ಕೂರುವುದು ಇದೇ ಕಡೆಯ ಸಲ. ಬಿಟ್ಟೆದ್ದ ಚಾಪೆಯ ಮೇಲೆ ಅವಳ ಕಣ್ಣು ನಿಂತುಬಿಟ್ಟಿತು. ಆದರೆ ಊರವರೆಲ್ಲರ ಮುಖವನ್ನು ಅಲುಗದಂತೆ ಹಿಡಿದಿಟ್ಟವನನ್ನು ಮಸುಕು ಮುಖದಲ್ಲಿ ಗೋಡೆಗೆ ತೂಗುಹಾಕುವುದು ಅವಳಿಂದಾಗದ ಮಾತು.

“ಹೆಂಡ್ತೀನ ತೆಗದ್ಲು ಅಂತ ಹೇಳ್ರಿ,” ಎಂದಳು.

ಕ್ರಿಯೆ ಮಾಡಿಸಲು ಬಂದಿದ್ದ ಹಂಪಯ್ಯನವರು ಒಮ್ಮೆ ಅವಳನ್ನು, ಒಮ್ಮೆ ಉಚ್ಚೆಂಗೆಪ್ಪನನ್ನು ನೋಡಿದರು. “ಹೊತ್ತಾಗ್ತೈತಿ. ಕೊಡಪಾ ಆಕಿ ಕೈಯಾಗ.”

ಕ್ಯಾಮೆರಾ ಕೈಗೆ ಬಂತು. ಬೆರಳುಗಳು ತಮ್ಮ ತಮ್ಮ ಜಾಗ ಹಿಡಿದವು. ಕ್ಯಾಮೆರಾ ಕೂದಲೆಳೆಯಷ್ಟೂ ಕದಲಲಿಲ್ಲ. ಇಂಥ ಕೈ ಮಾಡಿಕೊಟ್ಟು ಹೋದನಲ್ಲ ಎಂದು ಆ ದುಃಖದಲ್ಲೂ ಅವಳಿಗೆ ಹೆಮ್ಮೆ ಉಕ್ಕಿತು. ಹೊಸ್ತಿಲ ತನಕ ಹಿಂದೆ ಸರಿದಳು. ಅವಳು ಬಿಟ್ಟ ಜಾಗದಲ್ಲಿ ಉಚ್ಚೆಂಗೆಪ್ಪ ಒಲ್ಲದ ಮನಸ್ಸಿನಿಂದ ಕುಳಿತ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು, ಮತ್ತೆ ತಲೆ ಎತ್ತಿದಳು.

“ಭಾವಾರ, ಟೊಪಿಗಿ ತೆಗೀರಿ. ತಮ್ಮನ ಮುಖಕ್ಕ ನೆರಳು ಬೀಳ್ತೈತಿ.”

ಉಚ್ಚೆಂಗೆಪ್ಪನಿಗೆ ಟೊಪ್ಪಿಗೆ ತೆಗೆ ಎಂದು ಹೇಳಿದ ಹೆಂಗಸು ಆ ಮನೆತನದಲ್ಲೇ ಹುಟ್ಟಿರಲಿಲ್ಲ. ಅವನು ಅತ್ತಿತ್ತ ನೋಡಿದ. ಆಮೇಲೆ ಮೆಲ್ಲಗೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ, ನರೆತ ಕೂದಲನ್ನು ಅಂಗೈಯಿಂದ ಸವರಿಕೊಂಡ, ಬೆನ್ನು ನೆಟ್ಟಗೆ ಮಾಡಿ, ಎರ್ರಮ್ಮನ ಬೆರಳನ್ನೇ ನೋಡುತ್ತ ಉಸಿರು ಬಿಗಿಹಿಡಿದು ಕುಳಿತ.