ಪರಶು ಬರೆದ ಭಾಗ

“ಸತ್ತಾಂವನ ಕರಕೊಂಡ ಬಂದು ರಿಪೇರಿ ಮಾಡಸ್ಲೇನ್ರಿ, ವೈನಿ?”

ಮಾತು ಬಾಯಿಂದ ಬಿದ್ದ ಮೇಲೆ ಬಾಳೇಶ ನಾಲಿಗೆ ಕಚ್ಚಿಕೊಂಡ. ಎದುರಿಗಿದ್ದ ಯಶೋಧಾಳ ಗಂಡ ಪರಶು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸವದತ್ತಿ ಬಸ್ ನಿಲ್ದಾಣದ ಹಿಂದಿನ ಈ ಅಂಗಡಿ ಗೆಳೆಯರಿಬ್ಬರೂ ಕೂಡಿ ತೆರೆದದ್ದು. ಕಾಳಿನ ವ್ಯಾಪಾರಿಗಳಿಗೆ ತೂಕದ ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಡುತ್ತಿದ್ದರು. ಅದರಲ್ಲಿ ಕಾಟಾದಿಂದ ತೂಕ ಓದುವ ಭಾಗ ಪರಶುವಿನದು, ಉಳಿದದ್ದೆಲ್ಲ ಬಾಳೇಶನದು. ಲಾರಿ ಬಡಿದ ದಿನ ಪರಶುವಿನ ಹೆಗಲಲ್ಲಿದ್ದ ಲ್ಯಾಪ್‌ಟಾಪೂ ಪುಡಿಯಾಯಿತು. ಅವನು ಬರೆದ ಮೂಲ ಕೋಡ್ ಅದರ ಜೊತೆಗೇ ಹೋಯಿತು. ಆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಿ ಹಳೆಯ ಕಂಪೈಲರ್ ಕಟ್ಟಿಕೊಟ್ಟ ಫೈಲೊಂದು ಉಳಿಯಿತು; ಅದು ಓಡುತ್ತದೆ, ಬಿಚ್ಚಿ ತಿದ್ದಲು ಬಾರದು. ಅವನ ಕುರ್ಚಿಯಲ್ಲಿ ಕೂತು ಈಗ ಯಶೋಧಾ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು.

ಮುರಗೋಡದ ವ್ಯಾಪಾರಿ ನಿಜಗುಣಪ್ಪ ಹೊಸ ಕಂಪ್ಯೂಟರ್ ತಂದಾಗ ಬಾಳೇಶ ತನ್ನ ಭಾಗವನ್ನು ಹೊಸ ಕಂಪೈಲರಿನಲ್ಲಿ ಕಟ್ಟಿ, ಪರಶುವಿನದನ್ನು ಹಾಗೇ ಜೋಡಿಸಿಬಿಟ್ಟಿದ್ದ. ಬೇರೆ ಬೇರೆ ಇದ್ದಾಗ ಎರಡೂ ಸರಿಯೇ. ಕೂಡಿಸಿದಾಗ, ಹಳೆಯದು ಚೀಲದ ಸಂಖ್ಯೆ ಇಟ್ಟ ಜಾಗದಲ್ಲಿ ಹೊಸದು ತೂಕ ಹುಡುಕತೊಡಗಿತು. ಮುಂಜಾನೆ ಕಡಲೆ ತಂದ ರೈತರು ತಪ್ಪು ತೂಕದ ಚೀಟಿ ನೋಡಿ ನಿಜಗುಣಪ್ಪನ ಕೊರಳಪಟ್ಟಿ ಹಿಡಿದರು. ಆಗಿನಿಂದ ಕೂತು ಬಾಳೇಶ ಪರಶುವಿನ ಭಾಗವನ್ನು ತೆಗೆದುಹಾಕಿ ತಾನೇ ಹೊಸದಾಗಿ ಬರೆದಿದ್ದ. ನಮ್ಮವರ ಕೈಯ ಕೆಲಸ ಅದೊಂದೇ ಉಳಿದಿದೆ, ಹೇಗಾದರೂ ಇಟ್ಟುಕೊಳ್ಳಿ ಎಂದು ಯಶೋಧಾ ಕೇಳಿದ್ದಕ್ಕೆ ಅವನು ಹಾಗೆ ಸಿಡಿದದ್ದು.

ಅವಳು ಅಳಲಿಲ್ಲ. “ನಿಮ್ಮದ್ರಾಗ ಮೊದಲನೇ ಚೀಲಕ್ಕ ಏನ್ ಬರತೈತ್ರಿ?” ಎಂದಳು.

“ಒಂದು.”

“ಅವರು ಲಾಭ ಅಂತ ಬರೂವಂಗ ಮಾಡಿದ್ರು.”

ಈ ಕಡೆ ಕಾಳು ಅಳೆಯುವವರು ಒಂದು ಎನ್ನುವುದಿಲ್ಲ, ಲಾಭ ಎಂದೇ ಎಣಿಕೆ ಶುರು ಮಾಡುತ್ತಾರೆ. ಅಷ್ಟೂ ನೆನಪಾಗಲಿಲ್ಲವಲ್ಲ ಎಂದು ಬಾಳೇಶನಿಗೆ ತನ್ನ ಮೇಲೇ ಸಿಟ್ಟು ಬಂತು.

“ಅದೇನ್ ದೊಡ್ಡದ್ರಿ? ಒಂದ್ ನಿಮಿಷದ ಕೆಲಸ.”

ಒಂದನ್ನು ಅಳಿಸಿ ಲಾಭ ಎಂದು ಹೊಡೆದ. ಪರದೆಯ ಮೇಲೆ ಪರಶು ಮಾಡಿದ್ದಂತೆಯೇ ಬಂತು. ಅಕ್ಷರವೂ ಅದೇ, ಜಾಗವೂ ಅದೇ.

ಯಶೋಧಾ ಬಹಳ ಹೊತ್ತು ಅದನ್ನೇ ನೋಡಿದಳು.

“ಒಂದ್ ನಿಮಿಷದಾಗ ಅವರದೂ ನಿಮ್ಮದಾತು. ಹಂಗಾರ ಮುಗೀತ್ರಿ, ಅಣ್ಣಾರ.”

ಅಂಗಡಿಯ ಕೀಲಿಕೈ ಮೇಜಿನ ಮೇಲಿಟ್ಟು, ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ಹೊರಟಳು. ಕರೆಯಬೇಕೆಂದು ಎದ್ದ ಬಾಳೇಶ, ಬಿಗುಮಾನಕ್ಕೆ ಮತ್ತೆ ಕೂತ.

ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ. ತೂಕ ಸರಿ ಬರಹತ್ತಿದೆ ಎಂದು ನಿಜಗುಣಪ್ಪ ಫೋನ್ ಮಾಡಿದ ಮಧ್ಯಾಹ್ನ, ಮಾತಿನ ನಡುವೆಯೇ ಕರೆಂಟ್ ಹೋಯಿತು. ಖಾಲಿ ಕುರ್ಚಿಯ ಪಕ್ಕ, ಯಶೋಧಾ ಇದ್ದಾಗ ಅವಳೇ ಆರಿಸುತ್ತಿದ್ದ ಯುಪಿಎಸ್ ಕೂಗತೊಡಗಿತು. ಬಾಳೇಶ ಏಳಲಿಲ್ಲ. ಅದು ಕೂಗಿ ಕೂಗಿ ತಾನೇ ಸುಮ್ಮನಾಯಿತು.